ವಿಳಾಸ ಯಾರದು, ಬೀಗದ ಕೈ ಯಾರ ಬಳಿ?

ರಾಮನಗರ ತಾಲ್ಲೂಕಿನ ಕೈಲಾಂಚದಲ್ಲಿ ನನ್ನ ಸೋದರತ್ತೆಯ ಮಗ ಮರದ ಆಟಿಕೆಗಳ ಪುಟ್ಟ ಘಟಕವೊಂದನ್ನು ನಡೆಸುತ್ತಾನೆ. ಚನ್ನಪಟ್ಟಣದಲ್ಲಿ ಕೆಲಸ ಕಲಿತು ಬಂದವನು. ಮೂರು ಲೇತ್ ಯಂತ್ರಗಳು, ಐವರು ಕೆಲಸಗಾರರು. ಕಳೆದ ವರ್ಷ ಮೊಬೈಲ್ ಕೆಟ್ಟು ಹೊಸದನ್ನು ಕೊಂಡಾಗ ಅವನ ಇ-ಮೇಲ್ ಖಾತೆ ತೆರೆಯಲೇ ಇಲ್ಲ. ಖಾತೆಯ ಒಟಿಪಿ ಹೋಗುತ್ತಿದ್ದುದು, 2017ರಲ್ಲಿ ಜಿಎಸ್‌ಟಿ ನೋಂದಣಿಗೆಂದು ಅದನ್ನು ತೆರೆದುಕೊಟ್ಟಿದ್ದ ಕಂಪ್ಯೂಟರ್ ಕೇಂದ್ರದ ಹುಡುಗನ ಹಳೆಯ ನಂಬರಿಗೆ. ಆ ನಂಬರು ಈಗ ಇನ್ನಾರದೋ ಕೈಯಲ್ಲಿದೆ. ಉಚಿತ ಸೇವೆಯಾದ್ದರಿಂದ ಅಹವಾಲು ಕೇಳಲು ಒಬ್ಬ ಮನುಷ್ಯನೂ ಸಿಗಲಿಲ್ಲ. ದರಪಟ್ಟಿ ಕೇಳಿ ಪತ್ರ ಬರೆದಿದ್ದ ಮುಂಬೈನ ವ್ಯಾಪಾರಿ, ಉತ್ತರ ಬಾರದೆ ಬೇರೆಯವರಿಗೆ ಆರ್ಡರ್ ಕೊಟ್ಟರೆಂಬುದು ತಿಂಗಳಾದ ಮೇಲೆ ತಿಳಿಯಿತು.

ಇದನ್ನು ಒಬ್ಬನ ಅಜಾಗರೂಕತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಜಿಎಸ್‌ಟಿಯಿಂದ ಉದ್ಯಮ್ ನೋಂದಣಿಯವರೆಗೆ ಪ್ರತಿಯೊಂದಕ್ಕೂ ಇ-ಮೇಲ್ ವಿಳಾಸ ಬೇಕು. ಆ ಗಳಿಗೆಯಲ್ಲಿ ಯಾರೋ ತೆರೆದುಕೊಟ್ಟದ್ದೇ ವ್ಯಾಪಾರದ ಶಾಶ್ವತ ವಿಳಾಸವಾಗಿಬಿಡುತ್ತದೆ. ಸಣ್ಣ ಉದ್ಯಮಿಗಳು ಕೇಳುವ ಪ್ರಶ್ನೆ, ಯಾವ ಕಂಪನಿಯ ಸೇವೆ ಒಳ್ಳೆಯದು, ಯಾವುದು ಅಗ್ಗ ಎಂಬುದು. ನನ್ನ ದೃಷ್ಟಿಯಲ್ಲಿ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಆ ವಿಳಾಸ ಯಾರ ಸ್ವತ್ತು ಎಂಬುದು.

ದೊಡ್ಡವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣಾಗಾರ ಹೊಂದಿರುವ ನಯಾರಾ ಎನರ್ಜಿಯಲ್ಲಿ ರಷ್ಯಾದ ರೋಸ್‌ನೆಫ್ಟ್ ಕಂಪನಿಯ ಪಾಲಿದೆ. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿದ ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿತು. ಹಣ ಕೊಟ್ಟು ಪಡೆದ ಸೇವೆಯೇ ಹೀಗೆ ಕಡಿದುಹೋಯಿತು. ನಯಾರಾ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಬಳಿಕವೇ ಅದು ಮರಳಿತು. ಕೈಲಾಂಚದ ಆಟಿಕೆ ತಯಾರಕ ಯಾವ ಹೈಕೋರ್ಟಿಗೆ ಹೋಗಬಲ್ಲ?

ಉಚಿತದ ಭರವಸೆಯೂ ಅಷ್ಟೆ. ಸ್ವಂತ ಹೆಸರಿನ ಇ-ಮೇಲ್ ವ್ಯವಸ್ಥೆಯನ್ನು ಸಣ್ಣ ಸಂಸ್ಥೆಗಳಿಗೆ ಗೂಗಲ್ ಒಂದು ಕಾಲದಲ್ಲಿ ಪುಕ್ಕಟೆ ಕೊಡುತ್ತಿತ್ತು. 2012ರ ಡಿಸೆಂಬರಿನಲ್ಲಿ ಹೊಸಬರಿಗೆ ಆ ಬಾಗಿಲು ಮುಚ್ಚಿತು. 2022ರ ಜನವರಿಯಲ್ಲಿ ಹಳಬರೂ ಹಣ ಕೊಡಬೇಕೆಂದು ಪ್ರಕಟಿಸಿತು. ಆಕ್ಷೇಪಗಳೆದ್ದಾಗ ವೈಯಕ್ತಿಕ ಬಳಕೆದಾರರಿಗೆ ವಿನಾಯಿತಿ ದೊರೆಯಿತು, ವ್ಯಾಪಾರಿಗಳಿಗೆ ದೊರೆಯಲಿಲ್ಲ. ಇದರಲ್ಲಿ ಮೋಸವೇನೂ ಇಲ್ಲ. ಬಾಡಿಗೆ ಮನೆಯ ಕರಾರನ್ನು ಬದಲಿಸುವ ಹಕ್ಕು ಮಾಲೀಕನಿಗಿದ್ದೇ ಇದೆ. ಬಾಡಿಗೆದಾರನಿಗೆ ಬೇಕಾದುದು ತನ್ನ ಸಾಮಾನು ಸಮೇತ ಹೊರಡುವ ಅನುಕೂಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ 2025ರಲ್ಲೇ ಸಿಕ್ಕಿತು. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇ-ಮೇಲ್‌ಗಳನ್ನು ತಮಿಳುನಾಡು ಮೂಲದ ಜೊಹೊ ಕಂಪನಿಯ ವೇದಿಕೆಗೆ ಬದಲಾಯಿಸಿದ ಸುದ್ದಿ ಅಕ್ಟೋಬರಿನಲ್ಲಿ ಹೊರಬಿತ್ತು. ಸ್ವದೇಶಿಯ ದೃಷ್ಟಿಯಿಂದ ಅದು ಬಹಳ ಚರ್ಚೆಯಾಯಿತು. ನನ್ನ ಗಮನ ಸೆಳೆದದ್ದು ಬೇರೆಯೇ ಸಂಗತಿ: ಸೇವೆ ಒದಗಿಸುವವರು ಬದಲಾದರೂ ನೌಕರರ ವಿಳಾಸ ಬದಲಾಗಲಿಲ್ಲ. ಏಕೆಂದರೆ ವಿಳಾಸದ ಕೊನೆಯ ಭಾಗ, ಅಂದರೆ ಡೊಮೇನ್, ಸರ್ಕಾರದ್ದೇ ಆಗಿತ್ತು.

ಸರ್ಕಾರಕ್ಕೆ ಸಾಧ್ಯವಾದ ಈ ಸ್ವಾತಂತ್ರ್ಯ ಸಣ್ಣ ವ್ಯಾಪಾರಿಗೆ ಕೈಗೆಟುಕದ್ದೇನಲ್ಲ. ಡಾಟ್ ಇನ್ ಡೊಮೇನ್ ಹೆಸರಿಗೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಖರ್ಚಾಗುತ್ತದೆ. ಅದನ್ನು ಕೊಂಡು, ಅದರ ಮೇಲೆ ಯಾವ ಕಂಪನಿಯ ಇ-ಮೇಲ್ ಸೇವೆಯನ್ನಾದರೂ ಅಳವಡಿಸಿಕೊಳ್ಳಬಹುದು. ನಾಳೆ ದರ ಏರಿದರೆ, ಸೇವೆ ಕೆಟ್ಟರೆ, ಹಳೆಯ ಪತ್ರಗಳ ಪ್ರತಿಯೊಂದಿಗೆ ಬೇರೆಡೆಗೆ ಹೋಗಬಹುದು. ಗ್ರಾಹಕರಿಗೆ ಹೊಸ ವಿಳಾಸ ತಿಳಿಸುವ ತಾಪತ್ರಯವಿಲ್ಲ.

ಸ್ವಂತ ಡೊಮೇನ್ ಇದ್ದಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದು ನಾನು ಹೇಳಲಾರೆ. ನವೀಕರಣ ಮರೆತರೆ ಹೆಸರು ಕೈತಪ್ಪುತ್ತದೆ. ವೆಬ್‌ಸೈಟ್ ಮಾಡಿಕೊಟ್ಟವನು ತನ್ನ ಹೆಸರಿನಲ್ಲೇ ಅದನ್ನು ನೋಂದಾಯಿಸಿಕೊಂಡಿದ್ದರೆ ಕಂಪ್ಯೂಟರ್ ಕೇಂದ್ರದ ಹುಡುಗನ ಕಥೆಯೇ ಮರುಕಳಿಸುತ್ತದೆ. ಪತ್ರ ಕಳಿಸಿದವರು ಅಸಲಿಯೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕೆಐಎಂ ಎಂಬ ದಾಖಲೆಗಳನ್ನೂ ಡೊಮೇನ್‌ಗೆ ಸೇರಿಸಬೇಕು. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಈ ನಿಯಮವನ್ನು ಬಿಗಿಗೊಳಿಸಿವೆ. ಅವಿಲ್ಲದಿದ್ದರೆ ದರಪಟ್ಟಿ ಗ್ರಾಹಕನ ಸ್ಪ್ಯಾಮ್ ಪೆಟ್ಟಿಗೆ ಸೇರಬಹುದು. ಊರಿನೊಳಗಷ್ಟೇ ವ್ಯಾಪಾರ ಮಾಡುವ ಅಂಗಡಿಗೆ ಇಷ್ಟೆಲ್ಲ ಬೇಕಿಲ್ಲ, ಉಚಿತ ಖಾತೆಯೇ ಸಾಕು. ಆದರೆ ಒಟಿಪಿ ಬರುವ ನಂಬರು ಮಾಲೀಕನದೇ ಆಗಿರಬೇಕು.

ಈ ತಳಪಾಯ ಭದ್ರವಾದ ಮೇಲೆ ಕಂಪನಿಯ ಆಯ್ಕೆ ಕಷ್ಟವಲ್ಲ. ತೊಂದರೆಯಾದಾಗ ಫೋನಿನಲ್ಲಿ ಮಾತನಾಡುವವರು ಇದ್ದಾರೆಯೇ? ಎಲ್ಲ ಪತ್ರಗಳನ್ನೂ ಒಟ್ಟಿಗೆ ಇಳಿಸಿಕೊಳ್ಳಲು ಸಾಧ್ಯವೇ? ಕೆಲಸಗಾರನೊಬ್ಬ ಬಿಟ್ಟುಹೋದರೆ ಅವನ ಖಾತೆಯನ್ನು ಮಾಲೀಕನೇ ಮುಚ್ಚಬಹುದೇ? ಎರಡನೆಯ ವರ್ಷದ ಶುಲ್ಕವೆಷ್ಟು? ಈ ನಾಲ್ಕಕ್ಕೆ ಸಮಾಧಾನಕರ ಉತ್ತರ ಕೊಡುವ ಸೇವೆ ಸ್ವದೇಶಿಯೋ ವಿದೇಶಿಯೋ ಎಂಬುದು ಆಮೇಲಿನ ಮಾತು.

ಸರ್ಕಾರಕ್ಕೂ ಇಲ್ಲಿ ಹೊಣೆಯಿದೆ. ರಾಮನಗರದ ಗೂಡು ಮಾರುಕಟ್ಟೆಯ ಹರಾಜೇ ಇಂದು ಗಣಕೀಕೃತವಾಗಿದೆ. ಇ-ಮೇಲ್ ಕಡ್ಡಾಯಗೊಳಿಸಿದ ಇಲಾಖೆಗಳು ಅದನ್ನು ಕಾಪಾಡಿಕೊಳ್ಳುವ ಬಗೆಯನ್ನು ಕನ್ನಡದಲ್ಲಿ ತಿಳಿಸಿಕೊಡಬೇಡವೇ? ಜಿಲ್ಲಾ ಕೈಗಾರಿಕಾ ಕೇಂದ್ರಗಳು ಹೋಬಳಿಗೊಂದು ದಿನದ ತರಬೇತಿ ಏರ್ಪಡಿಸಿದರೂ ಸಾಕು.

ನನ್ನ ಸೋದರತ್ತೆಯ ಮಗ ಈಗ ಘಟಕದ ಹೆಸರಿನಲ್ಲೇ ಡೊಮೇನ್ ಕೊಂಡಿದ್ದಾನೆ. ನವೀಕರಣದ ದಿನಾಂಕವನ್ನು ಲೇತ್ ಯಂತ್ರದ ಪಕ್ಕದ ಗೋಡೆಯ ಮೇಲೆ ಬಳಪದಲ್ಲಿ ಬರೆದಿಟ್ಟಿದ್ದಾನೆ. ಹಳೆಯ ಖಾತೆ ಮಾತ್ರ ಇನ್ನೂ ತೆರೆದಿಲ್ಲ.