ಮೋಜಿನ ದೋಣಿಗೆ ಬಾಯಿಮಾತು, ಕೇರಿಯವನಿಗೆ ಸರ್ಟಿಫಿಕೇಟು



ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಬಂತು ಅಂತಾರೆ ನಮ್ಮ ಹಿರಿಯರು. ಆದರೆ ಕೆಲವರ ಸುಖವನ್ನು ಸುಂಕದವನು ಕುರ್ಚಿ ಹಾಕಿ ಕೂರಿಸಿಕೊಂಡು ಕೇಳುತ್ತಾನೆ. ಬ್ರಿಟನ್ನಿನ ವಿಹಾರ ದೋಣಿಗಳ ಡೀಸೆಲ್ ಕತೆ ನೋಡಿ.

ಅಲ್ಲಿ ಡೀಸೆಲ್ ಎರಡು ಬಗೆ. ರಸ್ತೆ ಮೇಲೆ ಓಡುವ ವಾಹನಕ್ಕೆ ಪೂರ್ತಿ ಸುಂಕ. ಟ್ರ್ಯಾಕ್ಟರಿನಂಥ ದುಡಿಮೆಯ ಯಂತ್ರಕ್ಕೆ ಕಡಿಮೆ ಸುಂಕ. ಕಳ್ಳಾಟ ಗೊತ್ತಾಗಲಿ ಅಂತ ಅದಕ್ಕೆ ಕೆಂಪು ಬಣ್ಣ ಬೆರೆಸುತ್ತಾರೆ. 2022ರ ಮಾರ್ಚ್‌ನಲ್ಲಿ ಗೊತ್ತುಮಾಡಿದ ದರ ಲೀಟರಿಗೆ ಪೂರ್ತಿ ಸುಂಕ 52.95 ಪೆನ್ಸ್, ಕೆಂಪಿಗೆ 10.18 ಪೆನ್ಸ್. ಐದು ಪಟ್ಟು ವ್ಯತ್ಯಾಸ!

ದುಡಿಮೆಯ ಹೆಸರಿನ ಈ ರಿಯಾಯಿತಿಯಲ್ಲಿ ಮೋಜಿನ ದೋಣಿಯ ಒಡೆಯರೂ ಬಹಳ ವರ್ಷ ಪಾಲು ತಿಂದರು. ಮೋಜಿಗೆ ರಿಯಾಯಿತಿ ಕೂಡದು ಅನ್ನೋದು ಯೂರೋಪಿನ ಒಕ್ಕೂಟದ ನಿಯಮ. ಬ್ರಿಟನ್ನಿಗೆ ಕೊಟ್ಟಿದ್ದ ವಿನಾಯಿತಿ 2006ರ ಕೊನೆಗೆ ಮುಗಿಯಿತು. 2008ರ ನವೆಂಬರಿನಿಂದ ದೋಣಿ ಓಡಿಸುವ ಎಣ್ಣೆಗೆ ಪೂರ್ತಿ ಸುಂಕ, ದೋಣಿಯೊಳಗೆ ಚಳಿ ಕಾಯಿಸುವ ಎಣ್ಣೆಗೆ ಮಾತ್ರ ರಿಯಾಯಿತಿ ಅಂತಾಯಿತು. ಟ್ಯಾಂಕು ಒಂದೇ, ಎಣ್ಣೆಯೂ ಒಂದೇ. ಓಡಿಸಿದ್ದೆಷ್ಟು, ಕಾಯಿಸಿದ್ದೆಷ್ಟು ಅಂತ ಹೇಳುವವರು ಯಾರು? ಒಡೆಯನೇ! ಎಣ್ಣೆ ಕೊಳ್ಳುವಾಗ ಇಷ್ಟು ಪಾಲು ಓಡಿಸೋಕೆ ಅಂತ ಬರೆದು ಸಹಿ ಹಾಕಿದರೆ ಮುಗಿಯಿತು. ನೂರಕ್ಕೆ 60 ಓಡಿಸೋಕೆ, 40 ಕಾಯಿಸೋಕೆ ಅನ್ನೋದೇ ರೂಢಿಯಾಯಿತು.

2018ರ ಅಕ್ಟೋಬರಿನಲ್ಲಿ ಯೂರೋಪಿನ ನ್ಯಾಯಾಲಯ ಮೋಜಿನ ದೋಣಿಗೆ ಕೆಂಪು ಎಣ್ಣೆ ಬಿಟ್ಟದ್ದು ತಪ್ಪು ಅಂದಿತು. ಉತ್ತರ ಐರ್ಲೆಂಡಿನಲ್ಲಿ ದೋಣಿ ಓಡಿಸಲು ಅದನ್ನು ಬಳಸೋದು 2021ರ ಅಕ್ಟೋಬರಿನಿಂದ ನಿಂತಿತು. ಇಂಗ್ಲೆಂಡು, ಸ್ಕಾಟ್ಲೆಂಡು, ವೇಲ್ಸಿನಲ್ಲಿ ನಿಲ್ಲಲಿಲ್ಲ. ಅಷ್ಟೇ ಅಲ್ಲ. 2022ರ ಏಪ್ರಿಲ್ 1ರಿಂದ ಹವಾಮಾನ ಕಾಪಾಡುವ ಹೆಸರಲ್ಲಿ ಕೆಂಪು ಎಣ್ಣೆಯನ್ನು ಬಹಳ ಕಸುಬುಗಳಿಂದ ಕಿತ್ತುಕೊಂಡರು. ಕಟ್ಟಡ ಕಟ್ಟುವ ಯಂತ್ರಕ್ಕೆ ಹೋಯಿತು. ಕಲ್ಲು ಕ್ವಾರಿಗೆ ಹೋಯಿತು. ಗಾಲ್ಫ್ ಮೈದಾನದ ಹುಲ್ಲು ಕತ್ತರಿಸೋಕೆ ಮಾತ್ರ ಉಳಿಯಿತು! ಮನೆ ಕಟ್ಟಿದರೆ ಹೊಗೆ, ಹುಲ್ಲು ಕತ್ತರಿಸಿದರೆ ಗಂಧವೇ?

ಹಾಗಂತ ದೋಣಿಯವರೆಲ್ಲ ಸಾಹುಕಾರರಲ್ಲ. ಬಾಡಿಗೆ ಮನೆ ಎಟುಕದೆ ಕಾಲುವೆ ಮೇಲಿನ ದೋಣಿಯಲ್ಲೇ ಸಂಸಾರ ಮಾಡುವವರು ಅಲ್ಲಿದ್ದಾರೆ. ದೋಣಿ ಕಟ್ಟಲು ಕಾಯಂ ಜಾಗ ಇಲ್ಲದವರು ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವ ಹಾಗಿಲ್ಲ. 1995ರ ಕಾಯಿದೆ ಅದು. ಇಂಥವರಿಗೆ ಚಳಿ ಕಾಯಿಸುವ ಎಣ್ಣೆ ಮೋಜಲ್ಲ, ಜೀವ. 2022ರ ಚಳಿಗಾಲದಲ್ಲಿ ಸರ್ಕಾರ ಮನೆಗಳಿಗೆ 400 ಪೌಂಡ್ ನೆರವನ್ನು ಕರೆಂಟು ಬಿಲ್ಲಿನ ಮೂಲಕ ಕೊಟ್ಟಿತು. ಮೀಟರೇ ಇಲ್ಲದ ದೋಣಿಗೆ ಆ ಬಾಗಿಲು ಮುಚ್ಚಿತ್ತು. ವಿಳಾಸ ಇಲ್ಲದವನನ್ನು ಸರ್ಕಾರ ಹೇಗೆ ನೋಡುತ್ತದೆ ಅಂತ ನಮ್ಮ ಅಲೆಮಾರಿಗಳಿಗೆ ಹೇಳಿಕೊಡಬೇಕೇ? ರಿಯಾಯಿತಿ ಬೇಡುವಾಗ ಬಡವನ ಚಳಿಯನ್ನು ಮುಂದೆ ತರುತ್ತಾರೆ. ಆದರೆ ರಿಯಾಯಿತಿ ಬೆಳೆಯೋದು ಟ್ಯಾಂಕಿನ ಅಳತೆ ಮೇಲೆ. ದೊಡ್ಡ ಟ್ಯಾಂಕಿನವನಿಗೆ ದೊಡ್ಡ ಪಾಲು.

ಅದೇ ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದಿ ಬಂದ ಬಾಬಾಸಾಹೇಬರು 1927ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಬಜೆಟ್ ಮೇಲೆ ಮಾತಾಡಿದರು. ಸಣ್ಣ ಆದಾಯದವನಿಗೆ ಆದಾಯ ತೆರಿಗೆ ಬಿಡುತ್ತೀರಿ, ತುಂಡು ಭೂಮಿಯ ಬಡ ರೈತನಿಂದ ಮಾತ್ರ ಕಂದಾಯ ಬಿಡದೆ ಕೀಳುತ್ತೀರಿ, ಇದು ಯಾವ ನ್ಯಾಯ ಅನ್ನೋದು ಅವರ ವಾದದ ತಿರುಳು. ಹೊರುವ ಶಕ್ತಿ ನೋಡಿ ಹೊರೆ ಹಾಕಬೇಕು. ದೋಣಿಯ ಲೆಕ್ಕಕ್ಕೂ ಅದೇ ಅಳತೆಗೋಲು.

ಈಗ ನಮ್ಮ ನಾಡಕಚೇರಿಗೆ ಬನ್ನಿ. ನಾನು ಬಡವ ಅಂತ ನಮ್ಮವನು ಹೇಳಿದರೆ ನಂಬುವವರುಂಟೇ? ಆದಾಯದ ಸರ್ಟಿಫಿಕೇಟು ತಾ. ಹೊಲೆಯ ಅಂದರೆ, ಮಾದಿಗ ಅಂದರೆ, ಜಾತಿ ಸರ್ಟಿಫಿಕೇಟು ತಾ. ಬೀದಿಯಲ್ಲಿ ದೂರ ನಿಲ್ಲಿಸುವಾಗ ಕಾಗದ ಕೇಳದ ಜಾತಿ, ಸ್ಕಾಲರ್‌ಶಿಪ್ ಕೊಡುವಾಗ ಸೀಲು ಕೇಳುತ್ತದೆ! ಅಲ್ಲಿ ದೋಣಿಯ ಒಡೆಯನ ಸಹಿಯೇ ಪ್ರಮಾಣ. ಇಲ್ಲಿ ನಮ್ಮ ಹಸಿವಿಗೂ ಸಾಕ್ಷಿ ಬೇಕು. ದೇಶ ಬೇರೆ, ನಂಬಿಕೆಯ ಜಾತಿ ಒಂದೇ.

ನಮ್ಮ ಮಾತು ಇಷ್ಟೇ. ಮೋಜಿಗೆ ಪೂರ್ತಿ ಸುಂಕ ಹಾಕಿ. ಚಳಿಗೆ, ಹಸಿವಿಗೆ ಬಿಡಿ. ಉಳ್ಳವನ ಸಹಿಯನ್ನು ನಂಬುವಷ್ಟು ಇಲ್ಲದವನ ಮಾತನ್ನೂ ನಂಬಿ. ಅದು ಆಗೋದಿಲ್ಲ ಅಂದರೆ ಅವನ ಟ್ಯಾಂಕಿಗೂ ಒಂದು ಸರ್ಟಿಫಿಕೇಟು ಕೇಳಿ!

ಜೈ ಭೀಮ್.