ಹೊಲದ ಬೋರಿಗೂ ಒಂದು ಕಾರ್ಡು ಬೇಕು

ಸವಳು ಬೋರು ಇರುವ ಊರುಗಳಲ್ಲಿ ಬೆಳಗಾದರೆ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಕ್ಯಾನುಗಳ ಸಾಲು. ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಹಂಡೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುತ್ತದೆ ಎಂಬುದು ಮನೆಮಂದಿಗೆಲ್ಲ ಗೊತ್ತು. ಅದಕ್ಕೇ ನಾಣ್ಯ ಹಾಕಿ ಸಿಹಿನೀರು ತರುತ್ತಾರೆ. ಅದೇ ಮಂದಿ ಹೊಲಕ್ಕೆ ಹೋದರೆ, ಗ್ರಾಂ ಲೆಕ್ಕದಲ್ಲಿ ಮಾರಾಟವಾಗುವ ಬೀಜದ ಗಿಡಗಳಿಗೆ ಅದೇ ಬೋರಿನ ನೀರನ್ನು ಡ್ರಿಪ್ ಪೈಪಿನಲ್ಲಿ ಬಿಡುತ್ತಾರೆ. ಆ ನೀರಿನಲ್ಲಿ ಏನೇನಿದೆ ಎಂದು ಕೇಳುವವರು ಕಡಿಮೆ.

ಹಾವೇರಿ ಜಿಲ್ಲೆಯ ಮಟ್ಟಿಗೆ ಇದು ಸಣ್ಣ ಮಾತಲ್ಲ. ರಾಣೆಬೆನ್ನೂರಿನಲ್ಲಿ ಬೇರೂರಿದ ಹೈಬ್ರಿಡ್ ತರಕಾರಿ ಬೀಜೋತ್ಪಾದನೆ ಹಿರೇಕೆರೂರು, ಬ್ಯಾಡಗಿ ಕಡೆಯ ಹೊಲಗಳಿಗೂ ಹಬ್ಬಿದೆ. ಟೊಮೆಟೊ, ಮೆಣಸಿನಕಾಯಿ, ಬದನೆ, ಬೆಂಡೆ, ಸೌತೆ ಬೀಜಗಳು ಇಲ್ಲಿಂದ ದೇಶದ ಉದ್ದಗಲಕ್ಕೂ ಹೋಗುತ್ತವೆ. ಕೆಲಸವೆಲ್ಲ ಬೆರಳ ತುದಿಯದು. ಅರಳಲಿರುವ ಮೊಗ್ಗನ್ನು ಸಂಜೆ ಚಿಮುಟದಿಂದ ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗವನ್ನು ತಂದು ಮುಟ್ಟಿಸಬೇಕು. ಕ್ರಾಸಿಂಗ್ ಆದ ಹೂವಿಗೆ ಗುರುತು ಬೇಕು. ಹೀಗೆ ನೆಟ್‌ಹೌಸಿನೊಳಗೆ ಬೆನ್ನು ಬಗ್ಗಿಸಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಒಂದು ಗ್ರಾಂ ಟೊಮೆಟೊ ಬೀಜ ಎಂದರೆ ಸುಮಾರು 300 ಕಾಳು.

ಇಷ್ಟು ದುಡಿದ ಮೇಲೂ ದುಡ್ಡು ಕೈಗೆ ಬರುವುದು ಬೀಜ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ. ಭಾರತದ ಬೀಜ ಪ್ರಮಾಣೀಕರಣ ಮಾನದಂಡದ ಪ್ರಕಾರ ಟೊಮೆಟೊ ಬೀಜಕ್ಕೆ ಕನಿಷ್ಠ ಶೇ. 70, ಮೆಣಸಿನಕಾಯಿಗೆ ಶೇ. 60 ಮೊಳಕೆ ಇರಬೇಕು. ಮಾಮೂಲಿ ಚೀಲದಲ್ಲಿ ತುಂಬುವ ಬೀಜದ ತೇವಾಂಶ ಶೇ. 8 ದಾಟಬಾರದು, ಗಾಳಿಯಾಡದ ಪೊಟ್ಟಣಕ್ಕಾದರೆ ಶೇ. 6. ಕಂಪನಿಗಳು ಸಾಮಾನ್ಯವಾಗಿ ಇದಕ್ಕಿಂತ ಬಿಗಿಯಾದ ಪಟ್ಟಿ ಹಿಡಿಯುತ್ತವೆ. ಲಾಟು ಫೇಲಾದರೆ ನಷ್ಟದ ದೊಡ್ಡ ಪಾಲು ರೈತನ ತಲೆಗೆ.

ಲಾಟು ಬಿದ್ದಾಗ ಬೈಗುಳ ಬೀಳುವುದು ಕೂಲಿಯವರ ಕೈಗೆ, ಇಲ್ಲವೇ ಹವಾಮಾನಕ್ಕೆ. ನೀರಿನ ಹೆಸರಾಗಲಿ, ನೆಟ್‌ಹೌಸಿನೊಳಗಿನ ಗಾಳಿಯ ಹೆಸರಾಗಲಿ ಎಲ್ಲಿಯೂ ಬರುವುದಿಲ್ಲ.

ಗಾಳಿಯ ವಿಷಯ ಮೊದಲು ನೋಡೋಣ. ಬಿಳಿನೊಣವನ್ನು ತಡೆಯಲು 40 ಮೆಶ್ಶಿನ ಬಲೆ ಕಟ್ಟುತ್ತಾರೆ, ಏಕೆಂದರೆ ಟೊಮೆಟೊ ಎಲೆಮುಟುರು ವೈರಸ್ ಹರಡುವುದು ಅದೇ ನೊಣದಿಂದ. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಹೊಸ ಜಾತಿಯ ಥ್ರಿಪ್ಸ್ ಹಾಳುಮಾಡಿದ ಮೇಲಂತೂ ಬಲೆಯ ಮೇಲಿನ ನಂಬಿಕೆ ಗಟ್ಟಿಯಾಗಿದೆ. ಆದರೆ ಕೀಟ ನುಗ್ಗದಷ್ಟು ಸಣ್ಣ ಕಿಂಡಿಯಲ್ಲಿ ಗಾಳಿಯೂ ಸರಾಗವಾಗಿ ಆಡುವುದಿಲ್ಲ. ಒಳಗೆ ಸೆಕೆ, ತೇವ ಎರಡೂ ಏರುತ್ತವೆ. ಟೊಮೆಟೊ ಪರಾಗಕ್ಕೆ ಹಿತವಾದದ್ದು ಶೇ. 60ರಿಂದ 70ರ ಆಸುಪಾಸಿನ ಆರ್ದ್ರತೆ. ಶೇ. 80 ದಾಟಿತೆಂದರೆ ಪರಾಗ ಮುದ್ದೆಗಟ್ಟಿ ಉದುರುವುದಿಲ್ಲ, ತೀರಾ ಒಣಗಾಳಿಯಾದರೆ ಹೂವಿನ ಶಲಾಕಾಗ್ರವೇ ಒಣಗಿ ಪರಾಗ ಅಂಟುವುದಿಲ್ಲ. ತಂಪಿನ ಜೊತೆ ಆರ್ದ್ರತೆ ಶೇ. 90ರ ಮೇಲೆ ನಿಂತರೆ ಅಂಗಮಾರಿ ರೋಗಕ್ಕೆ ಬಾಗಿಲು ತೆರೆದಂತೆಯೇ. ಮಲೆನಾಡಿನ ಸೆರಗಿನಲ್ಲಿರುವ ಹಿರೇಕೆರೂರು, ಹಾನಗಲ್ ಕಡೆ ಮಳೆಗಾಲದಲ್ಲಿ ಇಂಥ ದಿನಗಳು ಬೇಕಾದಷ್ಟು. ಸಂಜೆಯ ಬದಲು ಬೆಳಿಗ್ಗೆ ನೀರು ಬಿಡುವುದು, ಸಾಲಿನ ಅಂತರ ಹೆಚ್ಚಿಸುವುದು, ಮಾಡಿನ ಹತ್ತಿರ ಗಾಳಿಕಿಂಡಿ ಇಡುವುದು ಖರ್ಚಿನ ಕೆಲಸಗಳೇನಲ್ಲ. ಒಳಗೆ ಒಂದು ಆರ್ದ್ರತಾಮಾಪಕ ತೂಗುಹಾಕಲು ತಗಲುವುದು ಕೆಲವು ನೂರು ರೂಪಾಯಿ. ಲಕ್ಷಗಟ್ಟಲೆ ಸುರಿದು ಕಟ್ಟಿದ ಮನೆಯಲ್ಲಿ ಅದೊಂದೇ ಇರುವುದಿಲ್ಲ.

ನೀರಿನ ಕಥೆ ಇದಕ್ಕಿಂತ ಜಟಿಲ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಎಂಬ ರಸಾಯನಶಾಸ್ತ್ರಜ್ಞ 1909ರಲ್ಲಿ, ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಹೇಳುವ ಪಿಎಚ್ ಅಳತೆಯನ್ನು ಮುಂದಿಟ್ಟ. ಆ ಅಳತೆಯಲ್ಲಿ ಒಂದು ಮೆಟ್ಟಿಲು ಏರಿದರೆ ಅಥವಾ ಇಳಿದರೆ ಹತ್ತು ಪಟ್ಟು ವ್ಯತ್ಯಾಸ. ಕೋಕೋಪೀಟ್ ತಟ್ಟೆಯಲ್ಲಿ ಸಸಿ ಬೆಳೆಸುವವರು, ಡ್ರಿಪ್‌ನಲ್ಲಿ ಗೊಬ್ಬರ ಕೊಡುವವರು ನೀರನ್ನು 5.5ರಿಂದ 6.5ರ ನಡುವೆ ಇಟ್ಟುಕೊಳ್ಳಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡವಾದರೋ 8.5ರವರೆಗೂ ಒಪ್ಪುತ್ತದೆ. ಅಂದರೆ ಮನುಷ್ಯ ಕುಡಿದು ಅರಗಿಸಿಕೊಳ್ಳುವ ನೀರು ಎಳೆ ಸಸಿಗೆ ಒಗ್ಗಬೇಕೆಂದೇನೂ ಇಲ್ಲ.

ಪಿಎಚ್ ಏರಿದ ಕಡೆ ಮಣ್ಣಿನಲ್ಲಿ ಕಬ್ಬಿಣ, ಸತು, ಮ್ಯಾಂಗನೀಸ್ ಇದ್ದರೂ ಬೇರಿಗೆ ಸಿಗದಂತೆ ಬಂಧಿಯಾಗುತ್ತವೆ. ಎಳೆ ಎಲೆಯ ನರ ಹಸಿರಾಗಿಯೇ ಉಳಿದು ನಡುವೆಲ್ಲ ಹಳದಿಯಾಗುತ್ತದೆ. ರೈತ ಅದನ್ನು ರೋಗವೆಂದುಕೊಂಡು ಎಲೆ ಕಿತ್ತು ಗೊಬ್ಬರದಂಗಡಿಗೆ ಒಯ್ಯುತ್ತಾನೆ. ಅಂಗಡಿಯವರು ಒಂದು ಬಾಟಲಿ ಕೊಡುತ್ತಾರೆ. ಮುಂದಿನ ವಾರ ಇನ್ನೊಂದು.

ಪಿಎಚ್ ಪೆನ್ನು ಕೊಂಡವರೂ ಪೂರ್ತಿ ಪಾರಾಗುವುದಿಲ್ಲ. ಗಡಸು ನೀರಿನ ನಿಜವಾದ ತಂಟೆ ಇರುವುದು ಬೈಕಾರ್ಬೊನೇಟಿನಲ್ಲಿ, ಅಂದರೆ ಕ್ಷಾರೀಯತೆಯಲ್ಲಿ. ಎರಡು ಬೋರುಗಳ ಪಿಎಚ್ ಒಂದೇ 8 ಇದ್ದರೂ ಒಂದನ್ನು 6ಕ್ಕೆ ಇಳಿಸಲು ಚೂರು ಆಮ್ಲ ಸಾಕಾಗಬಹುದು, ಇನ್ನೊಂದಕ್ಕೆ ಅದರ ಹಲವು ಪಟ್ಟು ಬೇಕಾಗಬಹುದು. ಕ್ಷಾರೀಯತೆಯನ್ನೂ ಲವಣಾಂಶವನ್ನೂ ಅಳೆಯದೆ ಪಿಎಚ್ ಒಂದನ್ನೇ ನೋಡುವುದು ಅರ್ಧ ಪರೀಕ್ಷೆ. ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಲ್ಲಿ ಲವಣಾಂಶ ತೋರಿಸುವ ವಿದ್ಯುತ್ ವಾಹಕತೆ ನೀರಾವರಿ ನೀರಿನಲ್ಲಿ ಮೀಟರಿಗೆ 0.7 ಡೆಸಿಸೀಮನ್ಸ್ ಒಳಗಿದ್ದರೆ ನಿಶ್ಚಿಂತೆ, 3 ದಾಟಿದರೆ ಗಂಭೀರ ತೊಂದರೆ. ಪೆನ್ನನ್ನು ಆಗಾಗ ಬಫರ್ ದ್ರಾವಣದಲ್ಲಿ ಅದ್ದಿ ಸರಿಮಾಡಿಕೊಳ್ಳದಿದ್ದರೆ ಅದು ತೋರಿಸುವ ಅಂಕಿಯನ್ನೂ ನಂಬುವಂತಿಲ್ಲ. ಹಾಗೆಯೇ, ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು ಎಂಬ ಎಚ್ಚರವನ್ನು ಹೇಳಿಕೊಡದೆ ಕ್ಯಾನು ಮಾರುವುದು ಅಪರಾಧಕ್ಕೆ ಸಮ.

ಹಾವೇರಿಯಲ್ಲಿ 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ನಾಡು ಮರೆತಿಲ್ಲ. ಅಷ್ಟು ಬೆಲೆ ತೆತ್ತು ಪಡೆದ ರಂಜಕದ ಗೊಬ್ಬರ ಸುಣ್ಣದಂಶದ ನೀರಿಗೆ ಬಿದ್ದರೆ ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗಿ ತಳಕ್ಕೆ ಕೂರುತ್ತದೆ. ಗಿಡಕ್ಕೂ ಸಿಗುವುದಿಲ್ಲ, ಡ್ರಿಪ್ಪಿನ ತೂತನ್ನೂ ಕಟ್ಟುತ್ತದೆ. ಗೊಬ್ಬರದ ದಾಸ್ತಾನು ಎಷ್ಟಿದೆ ಎಂದು ಪ್ರತಿ ಮುಂಗಾರಿನಲ್ಲೂ ಸಭೆಗಳು ನಡೆಯುತ್ತವೆ. ಅದು ಕರಗುವ ನೀರಿನ ಬಗ್ಗೆ ಸಭೆ ನಡೆದದ್ದು ಸುದ್ದಿಯಾದಂತಿಲ್ಲ.

ಹೊರಗಿನವರನ್ನೂ ಒಮ್ಮೆ ನೋಡಬಹುದು. 2018ರ ಅಕ್ಟೋಬರಿನಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಿದ ಕೆನಡಾದಲ್ಲಿ ಮನೆಯೊಳಗೆ ಕುಂಡ ಇಟ್ಟುಕೊಂಡವರು ಪಿಎಚ್, ಕ್ಷಾರೀಯತೆ, ಆರ್ದ್ರತೆಗಳನ್ನು ಪಂಚಾಂಗ ನೋಡಿದಷ್ಟು ನಿಷ್ಠೆಯಿಂದ ನೋಡುತ್ತಾರೆ. 1985ರ ಮಾದಕವಸ್ತು ಕಾಯ್ದೆ ಇರುವ ನಮ್ಮ ದೇಶದಲ್ಲಿ ಆ ಗಿಡದ ಮಾತು ಬೇಡ. ಆದರೆ ಬೇರಿನ ರಸಾಯನಶಾಸ್ತ್ರ ಗಾಂಜಾಕ್ಕೂ ಟೊಮೆಟೊಗೂ ಬೇರೆಯಲ್ಲ. ಅಲ್ಲಿ ಹವ್ಯಾಸಿಗಳ ಕೈಯಲ್ಲಿರುವ ತಿಳಿವಳಿಕೆ ಇಲ್ಲಿ ಹೊಟ್ಟೆಪಾಡಿಗಾಗಿ ಬೆಳೆಯುವವರ ಕೈಗೆ ಬಂದಿಲ್ಲ ಎಂಬುದೇ ಬೇಸರದ ಸಂಗತಿ.

ಸರ್ಕಾರ ಸುಮ್ಮನೆ ಕೂತಿದೆ ಎನ್ನುವಂತೆಯೂ ಇಲ್ಲ. 2009ರಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ನೆರವಿನಿಂದ ಶುರುವಾದ ಭೂಚೇತನ ಯೋಜನೆ ಸತು, ಬೋರಾನ್, ಗಂಧಕದ ಕೊರತೆಯನ್ನು ಎತ್ತಿ ತೋರಿಸಿತು. 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ಎಲ್ಲವೂ ಮಣ್ಣಿನವು. ನೀರಿಗೆ ಆ ಕಾರ್ಡಿನಲ್ಲಿ ಒಂದು ಗೆರೆಯೂ ಇಲ್ಲ. ತೋಟಗಾರಿಕೆ ಮಿಷನ್ನು ಪಾಲಿಹೌಸಿಗೆ, ನೆರಳುಪರದೆಗೆ ಅರ್ಧದವರೆಗೂ ಸಹಾಯಧನ ಕೊಡುತ್ತದೆ. ಅಧಿಕಾರಿಗಳು ಬಂದು ಚದರ ಮೀಟರ್ ಅಳೆದು, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಒಳಗೆ ಹರಿಯಲಿರುವ ನೀರನ್ನು ಅಳೆಯುವ ಪದ್ಧತಿಯೂ ಅಷ್ಟೇ ಸಹಜವಾಗಬೇಕಿತ್ತು.

ಇದಕ್ಕೆ ಹೊಸ ಇಲಾಖೆ, ಹೊಸ ಕಟ್ಟಡ ಯಾವುದೂ ಬೇಕಿಲ್ಲ. 2019ರ ಜಲ ಜೀವನ್ ಮಿಷನ್ನಿನ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡಬೇಕು. ಆ ಕಿಟ್ಟಿನಲ್ಲಿ ಪಿಎಚ್, ಗಡಸುತನ, ಕ್ಷಾರೀಯತೆ, ಕ್ಲೋರೈಡ್ ಎಲ್ಲವನ್ನೂ ನೋಡಬಹುದು. ಇಂದು ಅದು ನಲ್ಲಿ ನೀರಿಗೆ ಮೀಸಲು. ಕ್ರಾಸಿಂಗ್ ಮಾಡುವ ಕೈಗಳೇ ಹೊಲದ ಬೋರಿನ ಬಾಟಲಿಯನ್ನೂ ಪರೀಕ್ಷಿಸಿದರೆ, ಪ್ರತಿ ಪರೀಕ್ಷೆಗೆ ಪಂಚಾಯಿತಿ ಇಷ್ಟು ಅಂತ ಕೂಲಿ ಕಟ್ಟಿಕೊಟ್ಟರೆ ಸಾಕು. ಅಂಕಿ ಓದಿ ಆಮ್ಲದ ಪ್ರಮಾಣ ಹೇಳುವ ಕೆಲಸವನ್ನು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ದೇವಿಹೊಸೂರಿನ ತೋಟಗಾರಿಕೆ ಸಂಶೋಧನಾ ಕೇಂದ್ರ ವಹಿಸಿಕೊಳ್ಳಬಹುದು.

ಎಲ್ಲಕ್ಕಿಂತ ಅಗ್ಗದ ಔಷಧಿ ಆಕಾಶದಿಂದಲೇ ಬೀಳುತ್ತದೆ. ಮಳೆನೀರಿನ ಪಿಎಚ್ ಸುಮಾರು 5.6, ಲವಣ ಇಲ್ಲವೆನ್ನುವಷ್ಟು ಕಡಿಮೆ. 2014ರ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ ಹೊಂಡಗಳು ಜಿಲ್ಲೆಯ ಹೊಲಗಳಲ್ಲಿವೆ. ಹೊಂಡದ ನೀರನ್ನು ಮೆಕ್ಕೆಜೋಳಕ್ಕೆ ಬಿಟ್ಟು ಬರಿದು ಮಾಡುವ ಬದಲು ನೆಟ್‌ಹೌಸಿನ ಬೋರಿನ ನೀರಿಗೆ ಬೆರೆಸಿದರೆ ಬೈಕಾರ್ಬೊನೇಟಿನ ಕಾಟ ಅಷ್ಟರ ಮಟ್ಟಿಗೆ ಇಳಿಯುತ್ತದೆ. ಹೊಂಡ ಇಲ್ಲದವರು ಪಾಲಿಹೌಸಿನ ಮಾಡಿಗೆ ದೋಣಿ ಕಟ್ಟಿ ಟ್ಯಾಂಕು ತುಂಬಿಸಿಕೊಳ್ಳಬಹುದು. ಬೀಜ ಕಂಪನಿಗಳಿಗೂ ಇಲ್ಲಿ ಪಾಲಿದೆ. ಬೀಜದ ಫೇಲು ವರದಿ ಕೊಡುವಾಗ ತೋರಿಸುವ ಚುರುಕನ್ನು ನಾಟಿಗೆ ಮುಂಚೆ ನೀರಿನ ವರದಿ ಕೊಡುವಾಗಲೂ ತೋರಿಸಲಿ. ಒಪ್ಪಂದದ ಕಾಗದದಲ್ಲಿ ಅದಕ್ಕೊಂದು ಸಾಲು ಸೇರಿಸಲಿ.

ಸಹಾಯಧನದ ಅರ್ಜಿಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಕೇಳುವ ಇಲಾಖೆ ನೀರಿನ ವರದಿಯನ್ನೂ ಕೇಳಲಿ, ಪರೀಕ್ಷೆಯ ಖರ್ಚನ್ನು ತಾನೇ ಭರಿಸಲಿ. ಅದೂ ವರ್ಷಕ್ಕೆ ಎರಡು ಸಲ: ಬೋರು ಬಳಲಿದ ಮೇ ತಿಂಗಳಲ್ಲೊಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲೊಮ್ಮೆ. ಎರಡು ವರದಿಗಳ ಅಂಕಿ ಒಂದೇ ಇರುವುದು ಅಪರೂಪ.