ಗಡಿ ದಾಟುವ ಸನ್ನದು

ರಾಜ್ಯಗಳ ಮರುವಿಂಗಡಣೆಯಾದ 1956ರ ನವೆಂಬರ್ 1ರಂದು ಧಾರವಾಡ, ಮಂಗಳೂರು, ಕಲಬುರಗಿಯ ವಕೀಲರು ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ; ಅವರ ಹೈಕೋರ್ಟೇ ಬದಲಾಗಿತ್ತು. ಮುಂಬಯಿ, ಮದರಾಸು, ಹೈದರಾಬಾದಿಗೆ ಮೇಲ್ಮನವಿಯ ಕಟ್ಟು ಹೊತ್ತೊಯ್ಯುತ್ತಿದ್ದವರು ಬೆಂಗಳೂರಿನ ಹಾದಿ ಹಿಡಿದರು. ವಕೀಲ, ಪ್ಲೀಡರ್, ಮುಖ್ತಾರ ಎಂಬ ದರ್ಜೆಗಳು, ಹೈಕೋರ್ಟಿಗೊಂದು ಕಟ್ಟಳೆ ಇದ್ದ ಕಾಲವದು. ಒಂದು ಕಡೆಯ ಸನ್ನದಿಗೆ ಇನ್ನೊಂದು ಕಡೆ ಎಷ್ಟು ಬೆಲೆ ಎಂಬುದು ಆ ತಲೆಮಾರಿಗೆ ಅನ್ನದ ಪ್ರಶ್ನೆಯಾಗಿತ್ತು.

ದೇಶಕ್ಕೆಲ್ಲ ಒಂದೇ ವಕೀಲ ವರ್ಗವಿರಲಿ ಎಂದು ನ್ಯಾಯಮೂರ್ತಿ ಎಸ್.ಆರ್. ದಾಸ್ ಅಧ್ಯಕ್ಷತೆಯ ಅಖಿಲ ಭಾರತ ವಕೀಲರ ಸಮಿತಿ 1953ರಲ್ಲೇ ಹೇಳಿತ್ತು. 1961ರ ವಕೀಲರ ಕಾಯ್ದೆ ಆ ಆಶಯಕ್ಕೆ ಮೈ ಕೊಟ್ಟಿತು. ವಕೀಲರ ಪಟ್ಟಿಗಳು ರಾಜ್ಯ ವಕೀಲರ ಪರಿಷತ್ತುಗಳ ಕೈ ಸೇರಿದವು. ಆದರೆ 18ನೇ ಕಲಮು ಒಂದು ಭರವಸೆ ನೀಡಿತು: ಭಾರತೀಯ ವಕೀಲರ ಪರಿಷತ್ತಿಗೆ ಅರ್ಜಿ ಕೊಟ್ಟವರ ಹೆಸರು ಯಾವ ಶುಲ್ಕವೂ ಇಲ್ಲದೆ ಇನ್ನೊಂದು ರಾಜ್ಯದ ಪಟ್ಟಿಗೆ ಹೋಗಬೇಕು, ಗಳಿಸಿದ ಹಿರಿತನ ಹಾಗೆಯೇ ಉಳಿಯಬೇಕು. ಶಿಸ್ತಿನ ವಿಚಾರಣೆ ಬಾಕಿಯಿದ್ದರೆ, ಕೋರಿಕೆ ಪ್ರಾಮಾಣಿಕವಲ್ಲವೆಂದು ಕಂಡರೆ ಅರ್ಜಿ ತಿರಸ್ಕರಿಸಬಹುದು. ಕಕ್ಷಿದಾರರ ಹಿತಕ್ಕೆ ಆ ಎಚ್ಚರ ಬೇಕಾದದ್ದೇ.

ಮುಂದಿನ ದಶಕಗಳು ವಕೀಲಿಕೆಯ ಮುಖವನ್ನೇ ಬದಲಿಸಿದವು. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಪಾಠ ಶುರುವಾದ ಮೇಲೆ, ಓದಿದ ಊರು ಒಂದು, ಕರಿಕೋಟು ತೊಟ್ಟ ಊರು ಇನ್ನೊಂದು ಎಂಬುದು ಸಾಮಾನ್ಯವಾಯಿತು. ದೇಶದ ಎಲ್ಲ ನ್ಯಾಯಾಲಯಗಳಲ್ಲಿ ವಾದಿಸುವ ಹಕ್ಕು ಕೊಡುವ 30ನೇ ಕಲಮು ಮಾತ್ರ ಜಾರಿಗೆ ಬಂದದ್ದು 2011ರ ಜೂನ್ 15ರಂದು, ಕಾಯ್ದೆಗೆ ಐವತ್ತು ತುಂಬಿದಾಗ. ಬಾಗಿಲು ತೆರೆಯಿತು, ನಿಜ. ಜೊತೆಗೆ ಒಂದನ್ನು ಕಳೆದುಕೊಂಡೆವು. ಹಿರಿಯರ ಕಚೇರಿಯಲ್ಲಿ ವರ್ಷಗಟ್ಟಲೆ ಕೂತು, ತಾಲ್ಲೂಕಿನ ಹೊಲಗದ್ದೆಗಳ ಹಿಸ್ಸೆ, ಸಾಕ್ಷಿಯ ಆಡುಮಾತು, ಮನೆತನಗಳ ಹಳೆಯ ವ್ಯಾಜ್ಯ ಎಲ್ಲವನ್ನೂ ಬಲ್ಲ ವಕೀಲರು ವಿರಳವಾದರು. ಸನ್ನದನ್ನು ವರ್ಗಾಯಿಸಬಹುದು, ಆ ಬಲ್ಮೆಯನ್ನಲ್ಲ.

18ನೇ ಕಲಮು ಕೊಟ್ಟ ಮಾತಾದರೂ ನಡೆದಿದೆಯೇ? ಸಂಗಾತಿಯ ಕೆಲಸಕ್ಕಾಗಿಯೋ, ಮುಪ್ಪಾದ ತಂದೆತಾಯಿಗಾಗಿಯೋ ಊರು ಬದಲಿಸಿದ ವಕೀಲರು ಎರಡು ಪರಿಷತ್ತುಗಳ ನಡುವೆ ಪ್ರಮಾಣಪತ್ರಕ್ಕಾಗಿ ಅಲೆಯುತ್ತಾರೆ. ವರ್ಗಾವಣೆಗೂ ಹಣ ಕೇಳುತ್ತಾರೆಂಬ ದೂರು ನ್ಯಾಯಾಲಯದ ಮೆಟ್ಟಿಲೇರಿದೆ. ನೋಂದಣಿಗೆ ಕಾಯ್ದೆ ಹೇಳಿದ 750 ರೂಪಾಯಿಗಿಂತ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯಕೂಡದೆಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪಿತ್ತಿತು. ನೋಂದಣಿಗೆ ಸಂದ ನ್ಯಾಯ ವರ್ಗಾವಣೆಗೂ ಸಲ್ಲಬೇಕು. ಪರಿಷತ್ತುಗಳು ಅರ್ಜಿಗೆ ಕಾಲಮಿತಿ ಗೊತ್ತುಮಾಡಲಿ, ಶುಲ್ಕವಿಲ್ಲದೆ ಎಂಬ 1961ರ ಮಾತನ್ನು ಅಕ್ಷರಶಃ ಪಾಲಿಸಲಿ.